ದೇವರ ಮನೆಯ ಬಿಳಿ ಕೋಟು

ಹನುಮಂತನಗರದ ಉಮಾಮಹೇಶ್ವರಿಯವರ ಮನೆಯಲ್ಲಿ ಅಂದು ಯಾರ ಗಂಟಲಲ್ಲೂ ಅನ್ನ ಇಳಿದಿರಲಿಲ್ಲ. ಬಾಣಂತನಕ್ಕೆ ಬಂದಿದ್ದ ದೊಡ್ಡ ಮಗಳು ಮೇಘಶ್ರೀಯ ಕೂಸು ಬೆಳಿಗ್ಗೆಯಿಂದ ಹಾಲು ಕುಡಿದಿರಲಿಲ್ಲ. ಕತ್ತಿನ ಮಡಿಕೆಯಲ್ಲಿ ಕೀವುಗುಳ್ಳೆ ಎದ್ದಿದ್ದವು. ಮೈ ಸುಡುತ್ತಿತ್ತು. ಎಲ್ಲಕ್ಕಿಂತ ಹೆದರಿಕೆಯ ಸಂಗತಿಯೆಂದರೆ ಕೂಸು ಅಳುವುದನ್ನೇ ನಿಲ್ಲಿಸಿತ್ತು.

"ದೃಷ್ಟಿ ಆಗಿದೆ ಕಣೇ. ಸಂಜೆ ನಿವಾಳಿಸಿದ್ರೆ ಸರಿಹೋಗುತ್ತೆ," ಎಂದರು ಉಮಾಮಹೇಶ್ವರಿ.

ಎಂಬಿಬಿಎಸ್ ಓದುತ್ತಿದ್ದ ಎರಡನೇ ಮಗಳು ಲಿಖಿತಾ ಗುಳ್ಳೆ ಎದ್ದ ಜಾಗ ನೋಡಿದಳು. ಮೊನ್ನೆ ಸಂಜೆ ಅವಳ ಸ್ಟೆತಾಸ್ಕೋಪ್ ಇದ್ದದ್ದು ಸರಿಯಾಗಿ ಅಲ್ಲೇ.

ಆ ಮನೆಯಲ್ಲೊಂದು ರೂಢಿ ಬೆಳೆದಿತ್ತು. ಮಗಳು ವಾರ್ಡ್ ಮುಗಿಸಿ, ಕೋಟು ತೊಟ್ಟೇ ಬಸ್ಸಿನಲ್ಲಿ ಬರುವಳು. ಬಾಗಿಲಲ್ಲೇ ತಾಯಿ ಕೋಟು ಇಸಿದುಕೊಂಡು ದೇವರ ಮನೆಯ ಗೂಟಕ್ಕೆ ಹಾಕುವರು. ಅದಕ್ಕೆ ವಿಭೂತಿ ಹಚ್ಚಿ, ಎಲ್ಲರೂ ಕಣ್ಣಿಗೆ ಒತ್ತಿಕೊಳ್ಳುವರು. ವಂಶಕ್ಕೇ ಮೊದಲ ಡಾಕ್ಟರ ಕೋಟಲ್ಲವೇ! ಮೊನ್ನೆಯಂತೂ ಸಡಗರ ಹೆಚ್ಚಾಗಿ, ಕೂಸಿನ ಕತ್ತಿಗೆ ಸ್ಟೆತಾಸ್ಕೋಪ್ ಹಾಕಿ ಫೋಟೋ ತೆಗೆದು ಬಂಧುಗಳಿಗೆಲ್ಲ ಕಳಿಸಿದ್ದರು. ಅದೇ ದಿನ ಲಿಖಿತಾ ವಾರ್ಡಿನಲ್ಲಿ ಕೀವು ತುಂಬಿದ ಗಾಯದ ಡ್ರೆಸ್ಸಿಂಗ್ ಬಿಚ್ಚಲು ಕೈಜೋಡಿಸಿದ್ದಳು.

ಲಿಖಿತಾ ಎದುರು ಮನೆಗೆ ಓಡಿದಳು. ಆ ಮನೆಯ ಮಗಳು ಸಂಹಿತಾ ಡಾಕ್ಟರ್ ಓದು ಮುಗಿಸಿ, ಆಸ್ಪತ್ರೆಯೊಂದರಲ್ಲಿ ಹೌಸ್ ಸರ್ಜನ್ ಆಗಿದ್ದಳು. ಬಂದು ಕೂಸನ್ನು ನೋಡಿದವಳೇ ದನಿ ಗಟ್ಟಿಮಾಡಿದಳು.

"ಆಂಟಿ, ನಿವಾಳಿಸೋದು ಆಮೇಲೆ. ಎಳೆಕೂಸು ಹಾಲು ಬಿಟ್ರೆ ಕಾಯ್ಬಾರ್ದು. ಈಗ್ಲೇ ಹೊರಡಿ."

ತಂದೆ ಏಕಾಂತಯ್ಯ ಆಗಲೇ ಬೀದಿಯಲ್ಲಿ ಆಟೋಗೆ ಕೈ ಅಡ್ಡ ಹಾಕಿದ್ದರು. ಸಂಹಿತಾಳೂ ಅವರ ಜೊತೆಗೇ ಹೊರಟಳು.

ಆಸ್ಪತ್ರೆಯವರು ಕೂಸನ್ನೂ ಮೇಘಶ್ರೀಯನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿಗೆ ನರ್ಸ್ ಹೊರಬಂದು ಕೂಸಿಗೆ ಬೇರೆ ಬಟ್ಟೆ ಕೇಳಿದರು. ಉಮಾಮಹೇಶ್ವರಿ ಮಡಿಲಲ್ಲಿದ್ದ ಬ್ಯಾಗಿನಿಂದ ಜುಬ್ಬ ತೆಗೆದರು. ಸಂಹಿತಾ ಗಬಕ್ಕನೆ ಅವರ ಕೈ ಹಿಡಿದಳು.

"ಆಂಟಿ, ಇದು ಲಿಖಿತಾ ವಾರ್ಡಿಗೆ ತಗೊಂಡು ಹೋಗೋ ಬ್ಯಾಗಲ್ವಾ?"

"ಅವಸರದಲ್ಲಿ ಕೈಗೆ ಇದೇ ಸಿಕ್ತು ಕಣಮ್ಮಾ..."

"ಹಾಗಾದ್ರೆ ಆ ಬಟ್ಟೆ ಕೊಡ್ಬೇಡಿ. ಆಸ್ಪತ್ರೆಯವ್ರನ್ನೇ ಕೇಳೋಣ."

ಉಮಾಮಹೇಶ್ವರಿಯ ಕೈ ಅಲ್ಲೇ ನಿಂತಿತು. "ಬ್ಯಾಗು ನಾನೇ ಒರ್ಸಿಟ್ಟಿದ್ದು, ಕೋಟೂ ನಾನೇ ನೀಲಿ ಹಾಕಿ ಒಗ್ದಿದ್ದು. ಅದರಲ್ಲಿ ಕೊಳೆ ಎಲ್ಲಿರುತ್ತೆ?"

"ಇದು ಕಣ್ಣಿಗೆ ಕಾಣೋ ಕೊಳೆ ಅಲ್ಲ ಆಂಟಿ. ಕೂಸಿಗೆ ಸೋಂಕು ಎಲ್ಲಿಂದ ಬಂತು ಅಂತ ಯಾರೂ ಆಣೆ ಮಾಡಿ ಹೇಳಕ್ಕಾಗಲ್ಲ. ಆದ್ರೆ ವಾರ್ಡಿನ ಸೋಂಕು ಕೈಗೆ, ಕೋಟಿನ ತೋಳಿಗೆ, ಸ್ಟೆತ್‌ಗೆ, ಬ್ಯಾಗಿಗೆ ಅಂಟ್ಕೊಂಡು ಮನೆಗೆ ಬರಬಹುದು. ಲಿಖಿತಾ, ಬ್ಯಾಗಲ್ಲಿ ಇನ್ನೇನಿದೆ?"

ದಪ್ಪ ಪುಸ್ತಕ, ಟಾರ್ಚು, ಮೊಣಕಾಲು ತಟ್ಟಿ ನೋಡುವ ಸುತ್ತಿಗೆ, ಮತ್ತು ಅವುಗಳ ಜೊತೆಯಲ್ಲೇ ಊಟದ ಡಬ್ಬಿ.

"ಸ್ಯಾನಿಟೈಸರ್ ಎಲ್ಲೇ?"

"ವಾರ್ಡಲ್ಲಿ ಇರುತ್ತಲ್ಲಾ ಅಂತ ಅಕ್ಕಾ..."

"ಬಾಟ್ಲಿ ಖಾಲಿ ಇದ್ದಾಗ ಏನ್ಮಾಡ್ತೀಯ? ನಿಂದೊಂದು ಜೇಬಲ್ಲೇ ಇರ್ಲಿ. ಒಬ್ಬ ಪೇಷಂಟ್ ಮುಟ್ಟೋಕೆ ಮುಂಚೆ, ಮುಟ್ಟಿದ ಮೇಲೆ ಕೈಗೆ ಹಚ್ಕೋ. ಸ್ಟೆತ್ ಒರೆಸೋಕೆ ಸ್ಪಿರಿಟ್ ಹತ್ತಿ ಇಟ್ಕೋ. ನಿನ್ನ ಅಳತೆ ಗ್ಲೌಸು, ಮಾಸ್ಕು ಬೇಕೇ ಬೇಕು. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕ್ಕೋ. ಕೋಟು ಆಸ್ಪತ್ರೆಲೇ ಬಿಚ್ಚಿ ಬೇರೆ ಚೀಲಕ್ಕೆ ಹಾಕು. ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದ್ಯಾ?"

"ಒಂದು ಡೋಸ್ ಬಾಕಿ..."

"ನಾಳೆನೇ ಹಾಕಿಸ್ಕೋ. ಪೇಷಂಟ್‌ಗೆ ಹಾಕಿದ ಸೂಜಿ ನಿಂಗೆ ಚುಚ್ಚಿದ್ರೆ ಮುಚ್ಚಿಡ್ಬೇಡ. ಸೋಪು ನೀರಲ್ಲಿ ತೊಳ್ದು ತಕ್ಷಣ ಡ್ಯೂಟಿ ಡಾಕ್ಟರ್‌ಗೆ ಹೇಳು."

ಉಮಾಮಹೇಶ್ವರಿ ಸೆರಗು ಬಾಯಿಗೊತ್ತಿಕೊಂಡು ಅತ್ತರು. "ಕೂಸಿನ ಕತ್ತಿಗೆ ನಾನೇ ಹಾಕ್ದೆನಲ್ಲೇ..." ಬಾಗಿಲು ತೆರೆದಾಗಲೆಲ್ಲ ಎಲ್ಲರೂ ದಡಬಡ ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂರುತ್ತಿದ್ದರು.

ಮರುದಿನವೂ ಕೂಸು ಕಣ್ಣು ಬಿಡಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಒಳಗಿನಿಂದ ಸಣ್ಣಗೆ ಅಳು ಕೇಳಿಸಿತು. ಮಗು ಅತ್ತದ್ದಕ್ಕೆ ಆ ಮನೆಯವರು ಅಷ್ಟು ಸಂತೋಷಪಟ್ಟದ್ದು ಅದು ಹುಟ್ಟಿದ ದಿನ ಬಿಟ್ಟರೆ ಅಂದೇ.

ಈಗ ಕೂಸು ಮನೆಗೆ ಬಂದಿದೆ. ದೇವರ ಮನೆಯ ಗೂಟ ಖಾಲಿಯಿದೆ. ಸಂಜೆ ಲಿಖಿತಾ ಗೇಟು ತೆರೆದರೆ ಸಾಕು, "ಅಲ್ಲೇ ನಿಂತ್ಕೋ! ಕೋಟಿನ ಚೀಲ ಬಕೆಟ್ಟಿಗೆ, ನೀನು ಬಚ್ಚಲಿಗೆ!" ಎಂದು ತಾಯಿ ಗದರುತ್ತಾರೆ. ಕೋಟು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಸಿಕೊಂಡು ಬೆಳಿಗ್ಗೆ ಬಿಸಿಲಿಗೆ ಹೋಗುತ್ತದೆ. ಮಿಂದು ಬಂದ ಮಗಳ ಎರಡೂ ಕೈಗಳನ್ನು ಉಮಾಮಹೇಶ್ವರಿ ತಮ್ಮ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ಆ ಕೈಗಳಿಗೆ ಕೂಸನ್ನು ಕೊಡುತ್ತಾರೆ.

ವಾರ್ಡಿಗೆ ಹೊರಟ ತಮ್ಮಂದಿರೇ, ತಂಗಿಯರೇ, ನಾಳೆ ಮನೆ ಬಿಡುವ ಮೊದಲು ನಿಮ್ಮ ಬ್ಯಾಗನ್ನೊಮ್ಮೆ ಬಿಚ್ಚಿ ನೋಡಿ. ಪುಸ್ತಕ ಮರೆತರೆ ಗೆಳೆಯರು ಕೊಟ್ಟಾರು. ಕೈ ಶುಚಿ ಮಾಡುವ ಬಾಟಲಿ, ಗ್ಲೌಸು, ಕೋಟಿಗೊಂದು ಚೀಲ ಮಾತ್ರ ಮರೆಯಬೇಡಿ. ನಿಮ್ಮ ಮನೆಯಲ್ಲೂ ಒಂದು ಕೂಸೋ, ವಯಸ್ಸಾದ ಅಜ್ಜಿಯೋ ನಿಮ್ಮ ದಾರಿ ಕಾಯುತ್ತಿರಬಹುದು.