ಓಬೀರಾಯನ ಮೂಲ

ನಡುಮನೆಯ ಫ್ಯಾನು ಕಟಕಟ ಎನ್ನುತ್ತಿತ್ತು. "ಓಬೀರಾಯನ ಕಾಲದ್ದು ಇದು," ಎಂದು ಮಗಳು ಗೊಣಗಿದಳು. ಹಿಂದಾದರೆ ಅಷ್ಟೇ ಸಾಕಿತ್ತು, ಅಪ್ಪ ತಿನ್ನುವುದನ್ನು ಬಿಟ್ಟು ಪಾಠ ಶುರುಮಾಡುತ್ತಿದ್ದರು. ನಿಘಂಟು ಕಚೇರಿಯಲ್ಲಿ ಜೀವ ಸವೆಸಿದ ಸಂಪಾದಕರು ಅವರು. ತೀರಾ ಹಳೆಯದಕ್ಕೆಲ್ಲ ಜನ ಓಬೀರಾಯನ ಹೆಸರು ಹಚ್ಚುತ್ತಾರಲ್ಲ, ಆ ಮಹಾರಾಯ ಯಾರು? ಯಾವುದೋ ಸಣ್ಣ ದೊರೆ ಎಂದವರಿದ್ದರು, ಬರೀ ತಮಾಷೆಯ ಹೆಸರು ಎಂದವರೂ ಇದ್ದರು. ಅಪ್ಪ ಪ್ರತಿಯೊಂದನ್ನೂ ತೂಗಿ ನೋಡಿ ಪಕ್ಕಕ್ಕಿಡುತ್ತಿದ್ದರು. ಬರಹದ ಆಧಾರ ಸಿಗುವವರೆಗೆ ಪದದ ಮುಂದೆ 'ಮೂಲ ತಿಳಿಯದು' ಎಂದೇ ಬರೆಯುವುದು ಅವರ ಕಚೇರಿಯ ಪದ್ಧತಿ. "ಗೊತ್ತಿಲ್ಲ ಅನ್ನೋದಕ್ಕೂ ಓದಿರ್ಬೇಕು ಕಣಮ್ಮಾ," ಎನ್ನುತ್ತಿದ್ದರು.

ಈಚೆಗೆ ಅವರ ನೆನಪು ಒಂದೊಂದಾಗಿ ಕಳಚಿಬೀಳುತ್ತಿತ್ತು. ಮಗಳು ಅದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೂ.

ಆ ಮಧ್ಯಾಹ್ನ ಅಪ್ಪನ ಶಿಷ್ಯ ಬಂದ. ಈಗಿನ ಸಂಪಾದಕ ಅವನೇ. ನಿಘಂಟಿನ ಹೊಸ ಆವೃತ್ತಿ ಅಚ್ಚಿಗೆ ಹೊರಟಿತ್ತು. "ಸರ್, ನಿಮ್ಮ ಓಬೀರಾಯ ಇನ್ನೂ ಸತಾಯಿಸ್ತಿದಾನೆ," ಎಂದು ನಕ್ಕ.

"ಸತಾಯಿಸೋದೇನು ಬಂತಯ್ಯಾ?" ಅಪ್ಪ ನೆಟ್ಟಗೆ ಕೂತರು. "ಏಳು ಕೋಟೆ ಕಟ್ಟಿಸಿದ ದೊರೆ. ಒಂದು ಕಣ್ಣು ಕುರುಡು. ಶಾಸನ ನಾನೇ ಓದಿದೀನಿ."

ಗುರುಗಳ ಮಾತು ಶಿಷ್ಯನಿಗೆ ವೇದವಾಕ್ಯ. ಮುಖ ಅರಳಿಸಿಕೊಂಡು ಗೀಚಿಕೊಳ್ಳತೊಡಗಿದ. ಅಪ್ಪನ ಹಳೆಯ ಪಾಠಗಳಿಂದ ಮಗಳಿಗೆ ಗೊತ್ತಿತ್ತು: ಅಂಥ ಶಾಸನವೇ ಇಲ್ಲ. ಸುಮ್ಮನಿದ್ದರೆ ಅಪ್ಪನ ಹೆಸರಿನಲ್ಲೇ ಸುಳ್ಳು ಅಚ್ಚಾಗುತ್ತದೆ. ಬಾಯಿ ಬಿಟ್ಟರೆ ಅಪ್ಪನ ಎದುರೇ ಗುಟ್ಟು ರಟ್ಟಾಗುತ್ತದೆ.

"ಒಂದ್ನಿಮಿಷ ಒಳಗೆ ಬನ್ನಿ," ಎಂದಳು.

"ಇರಿ ಅಕ್ಕಾ, ಪ್ರೆಸ್ಸಿನವರು ಕಾಯ್ತಿದಾರೆ. ಈಗಲೇ ಹೇಳಿಬಿಡ್ತೀನಿ." ಅವನು ಆಗಲೇ ಫೋನು ಕಿವಿಗಿಟ್ಟಿದ್ದ.

"ಬೇಡ. ಹೊಡೆದುಹಾಕಿ ಅದನ್ನ. ಅಪ್ಪಂಗೆ... ನೆನಪು ಸರಿಯಿಲ್ಲ."

ಶಿಷ್ಯ ಫೋನು ಇಳಿಸಿದ. ಅಪ್ಪ ಮಗಳನ್ನೇ ನೋಡಿದರು. ಕರಡು ತಿದ್ದುವಾಗಿನ ಅದೇ ಹಳೆಯ ಚೂಪು ನೋಟ.

"ಯಾವಾಗಿಂದ?"

"ಕೆಲವು ತಿಂಗಳಾಯ್ತು ಅಪ್ಪ."

"ನಾನು ಈಗ ಹೇಳಿದ್ದು?"

"ಆಧಾರ ಇಲ್ಲ ಅಪ್ಪ."

ಅವರು ಶಿಷ್ಯನ ಕೈಯಿಂದ ಹಾಳೆ ಇಸಿದುಕೊಂಡು ತಾವೇ ಅಡ್ಡಗೆರೆ ಎಳೆದರು. ಕೆಳಗೆ 'ಮೂಲ ತಿಳಿಯದು' ಎಂದು ಬರೆದರು. ಅಕ್ಷರ ಸ್ವಲ್ಪವೂ ನಡುಗಲಿಲ್ಲ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು.

ಮಗಳು ಶಿಷ್ಯನನ್ನು ಬಾಗಿಲವರೆಗೆ ಕಳಿಸಲು ಹೋದಳು. ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನ ದನಿ ಕೇಳಿಸಿತು. ಅಪ್ಪ ಖಾಲಿ ಕುರ್ಚಿಗೆ ಹೇಳುತ್ತಿದ್ದರು: "ಓಬೀರಾಯ ಗೊತ್ತಲ್ಲ? ಏಳು ಕೋಟೆ ಕಟ್ಟಿಸಿದ. ಒಂದು ಕಣ್ಣು ಕುರುಡು..."

ಈ ಸಲ ಯಾರೂ ತಿದ್ದಲಿಲ್ಲ.