ಶ್ರೀಶೈಲ ಮುಟ್ಟಿ ಬಂದ ದಿಂಬು

ನಾನೊಂದು ದಿಂಬು. ಅರಳೆ ತುಂಬಿದ್ದಲ್ಲ, ಊದಿದರೆ ಉಬ್ಬುವ, ಗಾಳಿ ಬಿಟ್ಟರೆ ಮುಷ್ಟಿಯಲ್ಲಿ ಅಡಗುವ ಗಾಳಿ ದಿಂಬು. ಒಳಗೆ ಏನೂ ಇಲ್ಲದವರನ್ನು ಜನ ಹಗುರವಾಗಿ ನೋಡುತ್ತಾರೆ, ಗೊತ್ತು. ಆದರೆ ನನ್ನ ಮೇಲೆ ಯಾರ ತಲೆ ಮಲಗಬೇಕಾಗಿತ್ತು, ಯಾರ ತಲೆ ಮಲಗಿತು ಎಂದು ನಾನು ಬಾಯಿಬಿಟ್ಟರೆ ಒಂದು ಊರಿನ ದೊಡ್ಡ ಮನುಷ್ಯರೊಬ್ಬರಿಗೆ ಮುಖ ತೋರಿಸಲು ಜಾಗವಿರುವುದಿಲ್ಲ. ಇರದಿದ್ದರೆ ಇರದಿರಲಿ, ನನಗೇನು!

ಊರಾಚೆಯ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಎರಡು ತೆಳು ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಬಿಸಿ ಅಚ್ಚಿನಲ್ಲಿ ಅಂಚು ಒತ್ತಿ, ಮೂಲೆಗೊಂದು ಊದುವ ಬಾಯಿ ಕೂಡಿಸಿದರು. ಅಷ್ಟೇ ನನ್ನ ಬಾಣಂತನ. ಆಮೇಲೆ ಒಂದು ಪುಟ್ಟ ಚೀಲದಲ್ಲಿ ತುರುಕಿದರು. ಚೀಲದ ಮೇಲೆ ಹಿಮದ ಬೆಟ್ಟದ ಚಿತ್ರ, ಅದರ ಬುಡದಲ್ಲಿ ಟೆಂಟು, ಟೆಂಟಿನ ಮುಂದೆ ಹಲ್ಲು ಕಿರಿಯುತ್ತಿರುವ ಹುಡುಗ. ನನ್ನ ಹಣೆಬರಹ ಇದೇ ಎಂದು ನಂಬಿದ್ದೆ.

ಬಂದು ಬಿದ್ದದ್ದು ಬಾಗಲಕೋಟೆಯ ಒಂದು ಬ್ಯಾಗಿನ ಅಂಗಡಿಗೆ. ಮೊಳೆಗೆ ತೂಗುಹಾಕಿದರು, ಧೂಳು ತಿಂದೆ. ಬೆಟ್ಟ ಹತ್ತಲು ಹೋಗುವ ಕಾಲೇಜು ಹುಡುಗರು ಬಂದು ಬ್ಯಾಗು ಕೊಳ್ಳುತ್ತಿದ್ದರು. ನನ್ನನ್ನು ಕಂಡು ಮಾತ್ರ, ‘ಇದ್ಯಾಕ್ ಬೇಕು, ಜಾಕೆಟ್ ಮಡಚಿ ತಲಿಗಿಟ್ಕೊಂಡ್ರ ಆತು’ ಎಂದು ಹೋಗುತ್ತಿದ್ದರು. ಒಂದು ದಿನ ಕಾಶವ್ವ ಬಂದಳು.

ಕಾಶವ್ವ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಮದುವೆಯಾದಾಗಿನಿಂದ ತಲೆ ಬಗ್ಗಿಸಿ ಬಡಿದೂ ಬಡಿದೂ ಅವಳ ಕುತ್ತಿಗೆ ಹಾಳಾಗಿತ್ತು. ಬರಿ ನೆಲಕ್ಕೆ ತಲೆಯಿಟ್ಟು ಒಂದು ನಿದ್ದೆ ತೆಗೆದರೆ ಸಾಕು, ಎದ್ದಾಗ ಕತ್ತು ತಿರುಗುತ್ತಿರಲಿಲ್ಲ. ಅಂಥವಳು ಆ ಸಲ ಶ್ರೀಶೈಲಕ್ಕೆ ನಡೆದು ಹೋಗಲು ಹೊರಟಿದ್ದಳು. ಯುಗಾದಿಗೆ ಮುಂಚೆ ಈ ಸೀಮೆಯ ಜನ ಹಿಂಡುಹಿಂಡಾಗಿ ಅಲ್ಲಿಗೆ ನಡೆಯುತ್ತಾರೆ. ಅಲ್ಲಿನ ಭ್ರಮರಾಂಬೆ ಇವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ತವರಿನಿಂದ ಸೀರೆ ಕುಪ್ಪಸ ಹೋಗಬೇಡವೆ? ಕಾಶವ್ವನ ಹೊಟ್ಟೆಯಲ್ಲಿ ಹುಟ್ಟಿದ್ದ ಒಂದೇ ಒಂದು ಹೆಣ್ಣುಕೂಸು ತೊಟ್ಟಿಲಲ್ಲೇ ಹೋಗಿತ್ತು. ಒಂದು ಸಲ, ಬದುಕಿನಲ್ಲಿ ಒಂದೇ ಒಂದು ಸಲ, ತನ್ನ ಕೈಯಾರೆ ಒಬ್ಬ ಮಗಳಿಗೆ ಸೀರೆ ಕೊಟ್ಟು ಬರಬೇಕು ಎಂಬುದು ಅವಳ ಆಸೆ.

ಅಂಗಡಿಯವನು ಮೊದಲು ಹತ್ತಿ ದಿಂಬು ತೋರಿಸಿದ. ಅವಳು ಅಂಗೈಯಲ್ಲಿ ತೂಗಿ ನೋಡಿ, ‘ಇದನ್ನ ನಾ ಹೊರಬೇಕೋ, ಇದು ನನ್ನ ಹೊರಬೇಕೋ?’ ಎಂದಳು. ಸ್ಪಂಜಿನದು ಹಗುರವಾಗಿತ್ತು, ಆದರೆ ಅದನ್ನು ಇಟ್ಟರೆ ಚೀಲದಲ್ಲಿ ಬೇರೆ ಏನೂ ಹಿಡಿಯುವಂತಿರಲಿಲ್ಲ. ಕೊನೆಗೆ ನಾನು ಮೊಳೆಯಿಂದ ಇಳಿದೆ. ಅವಳು ನನ್ನನ್ನೂ ತೂಗಿದಳು.

‘ಒಂದು ರೊಟ್ಟಿ ತೂಕ ಇಲ್ಲಲ್ರೀ ಇದು! ಕುತ್ತಿಗಿ ಹಿಡಿತೈತೇನ್ರಿ?’

‘ಬೆಟ್ಟ ಹತ್ತೋರು ಒಯ್ಯತಾರ ಅಕ್ಕಾರ.’

‘ಅವರ ಕುತ್ತಿಗಿ ಬ್ಯಾರೆ, ನನ್ನ ಕುತ್ತಿಗಿ ಬ್ಯಾರೆ’ ಎಂದವಳೇ ನನ್ನನ್ನು ಊದಿ, ಅಂಗಡಿಯ ನೆಲದ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಅಂಗಾತ ಮಲಗಿಯೇಬಿಟ್ಟಳು. ಗಿರಾಕಿಗಳು ಬಾಗಿಲಲ್ಲೇ ನಿಂತರು. ‘ಏ ಅಕ್ಕಾರ, ಏನ್ ಮಾಡಾಕತ್ತೀರಿ? ಏಳ್ರಿ, ಏಳ್ರಿ!’ ಎಂದು ಅಂಗಡಿಯವನು ಗಾಬರಿಯಾದ. ಅವಳು ಕಣ್ಣು ಮುಚ್ಚಿಕೊಂಡೇ, ‘ತಡೀಪಾ. ಮಲಗಿ ನೋಡ್ಲಾರದ ದಿಂಬು ಯಾರರ ಒಯ್ಯತಾರೇನು?’ ಎಂದಳು. ಸ್ವಲ್ಪ ಗಾಳಿ ಬಿಟ್ಟಳು, ಮತ್ತೆ ಮಲಗಿದಳು, ಇನ್ನೊಂದಿಷ್ಟು ಬಿಟ್ಟಳು. ಬಿಗಿಯಾಗಿ ಊದಿದರೆ ನಾನು ಕಲ್ಲು, ಕೊಂಚ ಸಡಿಲ ಬಿಟ್ಟರೇ ಕುತ್ತಿಗೆಯ ಕೆಳಗೆ ಒಪ್ಪವಾಗಿ ಕೂರುತ್ತೇನೆ. ಅದು ನನಗೇ ಗೊತ್ತಿರಲಿಲ್ಲ. ಅವಳ ನರ ಸಡಿಲಾದದ್ದು ನನ್ನ ಮೈಗೆ ತಿಳಿಯಿತು. ‘ಹಾಂ, ಈಗ ಬರೋಬ್ಬರಿ ಆತು’ ಎಂದು ಎದ್ದಳು. ಚಿತ್ರದ ಹುಡುಗನನ್ನು ನಾನು ಆ ಕ್ಷಣವೇ ಮರೆತೆ.

ಮನೆಯಲ್ಲಿ ನನ್ನನ್ನು ಕಂಡು ಮೊದಲು ನಕ್ಕವನು ಗುರುಪಾದಪ್ಪ, ಕಾಶವ್ವನ ಗಂಡ ಚನಮಲ್ಲಪ್ಪನ ಅಣ್ಣ. ಪಾದಯಾತ್ರೆಯ ತಂಡಕ್ಕೆ ಅವನೇ ಹಿರಿಯ. ಮಲ್ಲಯ್ಯನ ಕಂಬಿ, ಅಂದರೆ ಬಟ್ಟೆ ಸುತ್ತಿ ಗೆಜ್ಜೆ ಕಟ್ಟಿದ ದೇವರ ಕೋಲು, ಅವನ ಹೆಗಲ ಮೇಲೆಯೇ ಹೋಗುತ್ತಿತ್ತು.

‘ಏನವ್ವಾ ಕಾಶವ್ವ, ಮಲ್ಲಯ್ಯನ ಕಡೆ ಹೊಂಟೀಯೋ, ಬೀಗರ ಮನಿಗೆ ಹೊಂಟೀಯೋ? ದಿಂಬು ಬೇರೆ! ನಾನು ವರ್ಷಾ ವರ್ಷಾ ಹೋಗ್ತೀನಿ, ಕಲ್ಲಿನ ಮ್ಯಾಲ ತಲಿ ಇಡತೀನಿ. ಅದಕ್ಕ ವ್ರತ ಅಂತಾರ.’

‘ಕುತ್ತಿಗಿ ಹಿಡಕೋತೈತ್ರಿ ಭಾವಾರ. ಅದಕ್ಕ…’ ಎಂದು ಕಾಶವ್ವ ತಲೆ ತಗ್ಗಿಸಿದಳು. ಚನಮಲ್ಲಪ್ಪ ಕಂಬಿಯ ಗೆಜ್ಜೆ ಒರೆಸುತ್ತ ಕೂತಿದ್ದ. ಅಣ್ಣನೆದುರು ಅವನು ಎಂದೂ ಬಾಯಿ ತೆರೆದವನಲ್ಲ.

ಹೊರಟೆವು. ಬಿಸಿಲೇರುವ ಮೊದಲು ನಡಿಗೆ, ಬಿಸಿಲೇರಿದ ಮೇಲೆ ಯಾವುದಾದರೂ ಬೇವಿನ ಮರದ ಕೆಳಗೆ ವಿಶ್ರಾಂತಿ. ದಾರಿಯ ಊರಿನವರು ಮಜ್ಜಿಗೆ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕಿ, ಪ್ರತಿಯೊಬ್ಬರನ್ನೂ ‘ಬಾರೋ ಮಲ್ಲಯ್ಯ’ ಎಂದೇ ಕರೆಯುತ್ತಿದ್ದರು. ಮೊದಲ ಮಧ್ಯಾಹ್ನ ಕಾಶವ್ವ ಅಂಗಡಿಯಲ್ಲಿ ಮಾಡಿದಷ್ಟೇ ಗಾಳಿ ಊದಿ ನನ್ನನ್ನು ಇಟ್ಟಳು. ಇನ್ನೇನು ತಲೆ ಇಡಬೇಕು, ಗುರುಪಾದಪ್ಪ ಬಂದು ನಿಂತ.

‘ಕಾಶವ್ವ, ಆ ದಿಂಬು ಇಲ್ಲಿ ಕೊಡು. ಕಂಬಿ ನೆಲಕ್ಕ ತಾಗಸಬಾರ್ದು. ಮಲಗಸಾಕ ಮೆತ್ತಗ ಏನರ ಬೇಕು.’

ಹಿಂದಿನ ವರ್ಷಗಳಲ್ಲೆಲ್ಲ ಕಂಬಿಯನ್ನು ಮರದ ಕವಲಿಗೆ ಒರಗಿಸುತ್ತಿದ್ದರಂತೆ. ಅಂದೇ ಅದಕ್ಕೆ ಮೆತ್ತನೆ ಹಾಸಿಗೆ ಬೇಕಾಯಿತು! ದೇವರ ಹೆಸರು ಹೇಳಿ ಕೇಳಿದರೆ ಯಾರು ಇಲ್ಲವೆಂದಾರು? ಕಾಶವ್ವ ಎರಡೂ ಕೈಯಿಂದ ಎತ್ತಿ ಕೊಟ್ಟಳು. ತಾನು ಟವೆಲು ಸುತ್ತಿ ತಲೆಗಿಟ್ಟುಕೊಂಡಳು. ಕಂಬಿ ನನ್ನ ಮೇಲೆ ಮಲಗಿತು. ನಾನೂ ಸುಮ್ಮನಿದ್ದೆ, ದೇವರ ಕೆಲಸ ತಾನೆ ಎಂದು.

ಎಲ್ಲರ ಗೊರಕೆ ಶುರುವಾದ ಮೇಲೆ ಗುರುಪಾದಪ್ಪ ಕಂಬಿಯನ್ನೆತ್ತಿ ಮತ್ತೆ ಅದೇ ಮರದ ಕವಲಿಗೆ ಒರಗಿಸಿದ. ಆಮೇಲೆ ತನ್ನ ಎಣ್ಣೆ ಜಿಡ್ಡಿನ ತಲೆಯನ್ನು ತಂದು ನನ್ನ ಮೇಲೆ ಇಟ್ಟ. ಥೂ! ನನಗೆ ಕೈಕಾಲಿದ್ದಿದ್ದರೆ ಎದ್ದು ಓಡುತ್ತಿದ್ದೆ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಕಾಶವ್ವ ನೋಡದೆ ಇದ್ದಳೆ? ನೋಡಿದಳು. ನೋಡಿ ಮುಖ ಆ ಕಡೆ ಮಾಡಿ ಮಲಗಿದಳು. ಕೇಳಿದವಳು ಪಕ್ಕದ ಮನೆಯ ನಿಂಬೆವ್ವ. ಅವಳ ಬಾಯಿಗೆ ಊರೇ ಹೆದರುತ್ತಿತ್ತು.

‘ಯಜಮಾನ್ರ, ಕಂಬಿ ಮರದ ಮ್ಯಾಲ ಐತಿ, ದಿಂಬಿನ ಮ್ಯಾಲ ನಿಮ್ಮ ತಲಿ ಐತಿ. ಇದ್ಯಾವ ಪದ್ಧತೀರಿ?’

ಗುರುಪಾದಪ್ಪ ಕಣ್ಣೂ ತೆರೆಯದೆ, ‘ಕಂಬಿ ಹೊತ್ತ ಹೆಗಲೂ ಮಲ್ಲಯ್ಯಂದ, ತಲೀನೂ ಮಲ್ಲಯ್ಯಂದ’ ಎಂದ.

‘ಹಂಗಾರ ಕಾಶವ್ವನ ಕುತ್ತಿಗಿ ಯಾರದ್ರಿ?’

‘ಬಿಡ ನಿಂಬೆವ್ವ, ಜಗಳ ಬ್ಯಾಡ’ ಎಂದಳು ಕಾಶವ್ವ. ಅವಳ ಮೇಲೂ ನನಗೆ ಸಿಟ್ಟು ಬಂತು, ಸುಳ್ಳು ಹೇಳಲಾರೆ. ಅಂಗಡಿಯ ನಡುವೆ ನಾಲ್ಕು ಜನರೆದುರು ಮಲಗಿದ ಹೆಣ್ಣು ಇವಳೇನಾ ಎನ್ನಿಸಿತು.

ಗುಡ್ಡದ ಬುಡದ ಆತ್ಮಕೂರು ಮುಟ್ಟುವಷ್ಟರಲ್ಲಿ ಅವಳ ಕತ್ತು ಕಟ್ಟಿಗೆಯಾಗಿತ್ತು. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಎಡಗೈ ಜೋಮು ಹಿಡಿದು ನೀರಿನ ಬಾಟಲಿ ಜಾರಿ ಬಿತ್ತು. ಅಲ್ಲಿಂದ ಮುಂದೆ ಕಾಡು, ಏರುದಾರಿ. ಯಾತ್ರಿಕರಿಗೆಂದು ಹಾಕಿದ್ದ ಪೆಂಡಾಲಿನಲ್ಲಿ ಡಾಕ್ಟರು ಮುಟ್ಟಿ ನೋಡಿ ತಲೆಯಾಡಿಸಿದರು. ಗುಡ್ಡ ಹತ್ತಿದರೆ ಕೈ ಪೂರ್ತಿ ಹೋದೀತು, ಹೀಗೇ ಹಿಂದಕ್ಕೆ ಹೋಗಲಿ ಎಂದರು.

ಕಾಶವ್ವ ಅಳಲಿಲ್ಲ. ಗಂಡನ ಮುಖ ನೋಡಿದಳು. ಚನಮಲ್ಲಪ್ಪ ಅಣ್ಣನ ಮುಖ ನೋಡಿದ.

‘ಊರ ಕಡೆ ಹೊಂಟ ಟೆಂಪೋ ಐತಿ, ಕೂಡಸ್ರಿ. ಬರೂದು ಆಕಿ ಹಣ್ಯಾಗ ಇಲ್ಲ’ ಎಂದ ಗುರುಪಾದಪ್ಪ. ‘ಚನಮಲ್ಲ, ನೀ ನಡಿ. ಮನಿಂದ ಹೊಂಟ ಗಂಡಸು ಅರ್ಧಕ್ಕ ತಿರುಗಬಾರ್ದು.’

ಚನಮಲ್ಲಪ್ಪ ಚೀಲ ಹೆಗಲಿಗೇರಿಸಿದ. ‘ಅಣ್ಣ ಹೇಳಿದ ಮ್ಯಾಲ ನಾ ಏನ್ ಹೇಳ್ಲಿ’ ಎಂದಷ್ಟೇ ಅವನು ಹೆಂಡತಿಗೆ ಹೇಳಿದ್ದು. ನಿಂಬೆವ್ವ ಮಾತ್ರ ತಾನೂ ತಿರುಗುತ್ತೇನೆ ಎಂದು ಹಟ ಹಿಡಿದಳು. ‘ಹುಚ್ಚಿ, ನೀನರ ಹೋಗು. ನನ್ನ ಪಾಲಿಂದೂ ನೀನ ನೋಡಿ ಬಾ’ ಎಂದು ಕಾಶವ್ವ ಅವಳನ್ನು ಮುಂದಕ್ಕೆ ತಳ್ಳಿದಳು. ಚೀಲದಿಂದ ಗಂಟು ತೆಗೆದಳು. ಹಸಿರು ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಬಳೆ, ಅರಿಸಿನ ಕುಂಕುಮ. ಅದನ್ನು ನಿಂಬೆವ್ವನಿಗೆ ಕೊಡಲು ಹೋದಾಗ ಗುರುಪಾದಪ್ಪ ನಡುವೆ ಕೈ ಚಾಚಿದ. ‘ಇಲ್ಲಿ ತಾ. ಕಂಬಿ ಸಂಗಾಟ ಹೋದ್ರ ಹೆಚ್ಚಿಂದು.’

ಟೆಂಪೋ ಹತ್ತುವ ಮುಂಚೆ ಅವಳು ಒಂದೇ ಒಂದು ಮಾತು ಕೇಳಿದಳು. ‘ಭಾವಾರ, ದಾರಿ ಕುಲುಕತೈತಿ. ಆ ದಿಂಬರ ಕೊಡ್ರಿ.’

‘ಕಂಬಿ ಮಲಗಿದ ದಿಂಬು ಅರ್ಧಕ್ಕ ತಿರುಗಂಗಿಲ್ಲವ್ವ. ಅದು ಮಲ್ಲಯ್ಯನ್ನ ಮುಟ್ಟೇ ಬರಬೇಕು.’

ಟೆಂಪೋ ಹೋಯಿತು. ಹಿಂದಿನ ಸೀಟಿನಲ್ಲಿ ಅವಳು ಎರಡೂ ಕೈಯಿಂದ ತನ್ನ ತಲೆಯನ್ನು ತಾನೇ ಹಿಡಿದುಕೊಂಡು ಕುಳಿತಿದ್ದಳು. ನನ್ನ ಕಣ್ಣಿಗೆ ಇವತ್ತಿಗೂ ಅದೇ ಕಟ್ಟಿದೆ.

ಶ್ರೀಶೈಲಕ್ಕೆ ನಾನು ಹೋದೆ. ಚೀಲದ ಬಾಯಿಂದ ಶಿಖರವನ್ನೂ ನೋಡಿದೆ. ಹೆಂಗಸರೆಲ್ಲ, ಚನಮಲ್ಲಪ್ಪನೂ, ಮುಂದೆ ಹೋಗಿದ್ದರು. ದರ್ಶನದ ಸಾಲು ಊರುದ್ದ ಇತ್ತು. ಗುರುಪಾದಪ್ಪನಿಗೆ ಕಾಲು ನೋವು. ಅವನು ಸಾಲಿನಲ್ಲಿದ್ದ ಯಾರೋ ಗುರುತಿಲ್ಲದವನನ್ನು ತಡೆದು, ‘ಇದನ್ನೊಂದು ಅಲ್ಲಿ ಸೇರಿಸಿಬಿಡಪಾ’ ಎಂದು ಕಾಶವ್ವನ ಗಂಟನ್ನು ಅವನ ಕೈಯಲ್ಲಿ ತುರುಕಿದ. ಆಮೇಲೆ ನೆರಳಿಗೆ ಬಂದು, ನನ್ನನ್ನು ಊದಿ, ಮಲಗಿದ. ಆ ಸೀರೆ ಮಗಳನ್ನು ಮುಟ್ಟಿತೋ, ಆ ಮನುಷ್ಯನ ಮನೆ ಮುಟ್ಟಿತೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಊರಿಗೆ ಬಂದಾಗ ಅವನಿಗೆ ಹಾರ ಹಾಕಿದರು. ‘ನಿನ್ನ ಸೀರಿ ತಾಯಿ ಮೈಮ್ಯಾಲ ಕಣ್ಣಾರೆ ನೋಡಿ ಬಂದ್ನಿ’ ಎಂದ. ಕಾಶವ್ವ ಬಗ್ಗಲಾರದ ಕುತ್ತಿಗೆಯನ್ನು ಬಗ್ಗಿಸಿ ಅವನ ಕಾಲಿಗೆ ಬಿದ್ದಳು, ಆನಂದದಿಂದ ಅತ್ತಳು. ನಾನು ಆ ಹೊತ್ತು ಸಿಡಿದು ಚೂರಾಗಬಾರದಿತ್ತೆ! ಕಟ್ಟೆಯ ಮೇಲೆ ಕುಳಿತು ಅವನು ಕಲ್ಲಿನ ಮೇಲೆ ತಲೆಯಿಟ್ಟು ಮಲಗಿದ ಕಥೆ ಹೇಳುತ್ತಿದ್ದ. ನನ್ನನ್ನು ಅವಳಿಗೆ ಕೊಟ್ಟರೇ? ಅದೂ ಇಲ್ಲ. ಮಲ್ಲಯ್ಯನನ್ನು ಮುಟ್ಟಿ ಬಂದ ದಿಂಬು ದೇವರ ಕೋಣೆಯ ಜಗಲಿಯ ಮೇಲೆ ಇರಬೇಕು ಎಂದು ಅಪ್ಪಣೆಯಾಯಿತು. ಕಾಶವ್ವ ದಿನಾ ನನಗೆ ವಿಭೂತಿ ಹಚ್ಚಿ ಕೈಮುಗಿದು, ಒಲೆಯ ಮುಂದೆ ಹೋಗಿ ಕೂತು ರೊಟ್ಟಿ ಬಡಿಯುತ್ತಿದ್ದಳು. ರಾತ್ರಿ ಟವೆಲು ಸುತ್ತಿ ತಲೆಗೆ ಇಟ್ಟುಕೊಳ್ಳುತ್ತಿದ್ದಳು.

ಮುಂದಿನ ವರ್ಷ ಮತ್ತೆ ಕಂಬಿ ಹೊರಟಿತು. ಕಾಶವ್ವನಿಗೆ ಈ ಸಲ ಕರೆಯೇ ಇರಲಿಲ್ಲ. ತಂಡವೆಲ್ಲ ಅಂಗಳದಲ್ಲಿ ನೆರೆದಿತ್ತು.

‘ಕಾಶವ್ವ, ಕಂಬಿ ದಿಂಬು ತಗೊಂಡ್ ಬಾ’ ಎಂದು ಗುರುಪಾದಪ್ಪ ಕೂಗಿದ.

ಅವಳು ನನ್ನನ್ನು ಜಗಲಿಯಿಂದ ಇಳಿಸಿ ತಂದಳು. ಅಂಗಳದ ನಡುವೆ ನಿಂತು ಊದಿದಳು. ನನ್ನ ಬಾಯಿ ಒತ್ತಿ ಕೊಂಚ ಗಾಳಿ ಬಿಟ್ಟಳು. ಬಗ್ಗಿ ನೆಲದ ಮೇಲಿಟ್ಟಳು. ಕಂಬಿಗೆ ಹಾಸುತ್ತಾಳೆ ಎಂದು ಎಲ್ಲರೂ ಕೈಮುಗಿದರು. ಅವಳು ಸೆರಗು ಸರಿಮಾಡಿಕೊಂಡು, ಎಲ್ಲರ ಎದುರು, ಕಂಬಿಯ ಎದುರು, ಅಂಗಾತ ಮಲಗಿ ನನ್ನ ಮೇಲೆ ತಲೆ ಇಟ್ಟಳು.

‘ಏ! ಏನಿದು ಹುಚ್ಚಾಟ? ಹೆಂಗಸಿನ ತಲಿ ತಾಗಿದ ದಿಂಬಿನ ಮ್ಯಾಲ ಕಂಬಿ ಹ್ಯಾಂಗ ಮಲಗಸೂದು?’ ಗುರುಪಾದಪ್ಪನ ಮುಖ ಕೆಂಪಾಯಿತು.

‘ಮಲಗಸಬ್ಯಾಡ್ರಿ ಭಾವಾರ. ಮರದ ಕವಲಿಗೆ ಇಡ್ರಿ. ಹೋದ ವರ್ಷಾನೂ ಅಲ್ಲೇ ಇತ್ತಲ್ರಿ’ ಎಂದಳು ಕಾಶವ್ವ. ನಿಂಬೆವ್ವ ಗಟ್ಟಿಯಾಗಿ ನಕ್ಕಳು. ಬೇರೆ ಯಾರೂ ನಗಲಿಲ್ಲ. ಚನಮಲ್ಲಪ್ಪ ಹೆಂಡತಿಯನ್ನು ಬೈದ. ಬೈಯಲು ಮಾತ್ರ ಅವನಿಗೆ ಅಣ್ಣನೆದುರು ಬಾಯಿ ಬಂತು.

ಕಂಬಿ ಹೋಯಿತು, ಅವರೆಲ್ಲ ಹೋದರು. ಅಂದಿನಿಂದ ಕಾಶವ್ವನಿಗೆ ತಂಡದಲ್ಲಿ ಜಾಗ ಇಲ್ಲ. ಮೈಲಿಗೆ ಮಾಡಿದವಳು ಎಂಬ ಹೆಸರು ಅವಳ ಬೆನ್ನಿಗೆ ಅಂಟಿತು. ಅವಳ ಎಡಗೈ ಮೊದಲಿನಂತಾಗಲೇ ಇಲ್ಲ. ಶ್ರೀಶೈಲವನ್ನು ಅವಳು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದಾಳೆ.

ನನಗೂ ವಯಸ್ಸಾಗಿದೆ. ಅಂಚಿನಲ್ಲಿ ಸೈಕಲ್ ಟ್ಯೂಬಿನ ತೇಪೆ ಇದೆ. ಅವಳು ಒಂದು ಮಗ್ಗುಲು ಬದಲಿಸುವಷ್ಟರಲ್ಲಿ ಗಾಳಿ ಸೋರಿ ಅವಳ ತಲೆ ನೆಲಕ್ಕೆ ತಾಗುತ್ತದೆ. ಅವಳು ಬೈಯುವುದಿಲ್ಲ, ಎದ್ದು ಮತ್ತೆ ಊದುತ್ತಾಳೆ. ಹಿಮದ ಬೆಟ್ಟಕ್ಕೆ ಹೋಗಬೇಕಾಗಿದ್ದ ನಾನು ಒಲೆ ಬೂದಿಯ ಪಕ್ಕ ಮುಪ್ಪಾದೆ. ಅದಕ್ಕೆ ನನಗೆ ದುಃಖವಿಲ್ಲ. ಶ್ರೀಶೈಲ ಮುಟ್ಟಬೇಕಾದವಳು ಮುಟ್ಟಲಿಲ್ಲ, ಬೇಡದ ನಾನು ಮುಟ್ಟಿ ಬಂದೆ. ಅದೇ ನನ್ನ ಹೊಟ್ಟೆಯ ಉರಿ.

ಪ್ರತಿ ವರ್ಷ ಯುಗಾದಿಗೆ ಮುಂಚೆ ಕಾಶವ್ವ ದಾರಿಯ ಬದಿ ಮಜ್ಜಿಗೆ ಗಡಿಗೆ ಇಟ್ಟುಕೊಂಡು ಕೂಡುತ್ತಾಳೆ. ನನ್ನನ್ನು ಬೆನ್ನಿಗೆ ಆನಿಸಿಕೊಂಡಿರುತ್ತಾಳೆ. ನಡೆದು ಬರುವ ಹೆಣ್ಣುಮಕ್ಕಳಿಗೆ ಮಜ್ಜಿಗೆ ಕೊಟ್ಟು, ‘ತಲಿಗೆ ಏನ್ ತಂದೀದಿ ಮಗಳ?’ ಎಂದು ಕೇಳುತ್ತಾಳೆ. ಕೆಲವರು ಚೀಲ ತೆರೆದು ತೋರಿಸುತ್ತಾರೆ. ಅವಳು ಅದನ್ನು ಬಲಗೈಯಲ್ಲಿ ತೂಗುತ್ತಾಳೆ, ಮಡಚಿ ನೋಡುತ್ತಾಳೆ, ಗಾಳಿ ದಿಂಬಾದರೆ ಎಷ್ಟು ಗಾಳಿ ಊದಬೇಕೆಂದು ಹೇಳಿಕೊಡುತ್ತಾಳೆ. ಕೊನೆಗೆ ಆ ಹುಡುಗಿಯ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ.

‘ಯಾರ ಕೇಳಿದ್ರೂ ಇದನ್ನ ಕೊಡಬ್ಯಾಡ ನನ್ನವ್ವ. ದೇವರ ಹೆಸರ ಹೇಳಿ ಕೇಳಿದ್ರಂತೂ ಸುತರಾಂ ಕೊಡಬ್ಯಾಡ.’