ಟೀಕಾ ಏಳದ ಕೈ

ಬಿಟ್ಟಿ ಚಾಕರಿ ಸತ್ತಿತು ಎಂದು ಖಾದಿಯವರೊಬ್ಬರು ಮಖ್ತಲ್ ಸಂತೆಯಲ್ಲಿ ಭಾಷಣ ಮಾಡಿದ್ದನ್ನು ಮೊಗುಲಪ್ಪ ಕಿವಿಯಾರೆ ಕೇಳಿ ಬಂದಿದ್ದ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳಿಕೆ ಮುಗಿದ ಮೇಲಿನ ಮೊದಲ ಸುಗ್ಗಿ ಅದು. ಆದರೆ ಸತ್ತ ಸುದ್ದಿ ಅವನ ಹಳ್ಳಿಗೆ ಮುಟ್ಟಿರಲಿಲ್ಲ. ಮುಟ್ಟಿದ್ದು ಸಿಡುಬಿನ ಅಮ್ಮ, ಅದೂ ನೆಟ್ಟಗೆ ಊರ ಲೆಕ್ಕ ಬರೆಯುವ ಪಟವಾರಿ ಪ್ರಹ್ಲಾದರಾಯರ ಮನೆಗೆ. ಮನೆಯವರು ರಾಯರನ್ನು ಹಿತ್ತಲ ದನದ ಕೊಟ್ಟಿಗೆಗೆ ಹಾಕಿ ಬಾಗಿಲು ಎಳೆದರು.

ರಾಯರ ಹೆಂಡತಿಯ ತಮ್ಮ ವಾದಿರಾಜ ಮೊಗುಲಪ್ಪನ ಕೇರಿಯ ಅಂಚಿಗೆ ಬಂದು ನಿಂತ.

"ಮೊಗುಲ್ಯಾ, ಅಮ್ಮ ಒಮ್ಮೆ ಬಂದವರಿಗೆ ಮತ್ತ ಬರಂಗಿಲ್ಲ. ನಿನ್ನ ಮಾರಿ ನೋಡಿದ್ರ ಜರಡಿ ಆಗೈತಿ. ಭಾವನ ಸೇವಾಕ್ಕ ನಡಿ. ಮಡಿ ಗಿಡಿ ಸದ್ಯ ಇಲ್ಲ."

ಮೊಗುಲಪ್ಪನ ಹೊಲದಲ್ಲಿ ಜೋಳ ಕೊಯ್ಲಿಗೆ ಬಂದಿತ್ತು. ಈಗ ಹೋದರೆ ತೆನೆಯೆಲ್ಲ ಹಕ್ಕಿಗೆ, ಬಿಟ್ಟಿ ಮತ್ತೆ ತನ್ನ ಹೆಗಲಿಗೆ.

"ಇವು ಅಮ್ಮನ ಕಲೆ ಅಲ್ರಿ ಧಣಿ. ಸಣ್ಣಾಂವಿದ್ದಾಗ ಜಾಲಿಮುಳ್ಳಿನಾಗ ಬಿದ್ದಿದ್ದೆ."

"ಮಾರಿ ಅಷ್ಟ ಬಿತ್ತೇನಲೇ?"

ಮರುದಿನವೇ ಟೀಕಾ ಎನ್ನುವ ಸಿಡುಬಿನ ಲಸಿಕೆ ಹಾಕುವ ಸರ್ಕಾರದ ರಾಮುಲು ಬಂದು ಮೊಗುಲಪ್ಪನ ಬಲರಟ್ಟೆಗೆ ಸೂಜಿಯಿಂದ ಗೀರಿದ. "ಸಂತಿ ದಿನ ನೋಡತೀನಿ. ಗುಳ್ಳಿ ಎದ್ದರ ನಿನಗ ಹಿಂದ ಅಮ್ಮ ಬಂದಿಲ್ಲ. ಏಳಲಿಲ್ಲಂದ್ರ ಬಂದು ಹೋಗ್ಯಾಳ."

ಮೊಗುಲಪ್ಪ ಆ ಗೀರನ್ನು ಬಾಣಂತಿಯಂತೆ ಜೋಪಾನ ಮಾಡಿದ. ಕೇರಿಯ ಮಂದಿ ಬೆಳಗಾದರೆ ಬಂದು ಕೈ ನೋಡುತ್ತಿದ್ದರು. ಗುಳ್ಳೆ ಏಳಲಿಲ್ಲ. ಕಡೆಗೆ ಹೆಂಡತಿ ಮೈಸಮ್ಮ, ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆ ತಂದು ಹಚ್ಚಿದಳು. ಅದು ತಗುಲಿದ ಚರ್ಮ ಬೊಬ್ಬೆ ಏಳದೆ ಇರುವುದಿಲ್ಲ. ಎದ್ದೇ ಎದ್ದಿತು, ಭುಜದಿಂದ ಬೆರಳಿನ ತನಕ.

ಸಂತೆ ದಿನ ಪಟವಾರಿ ಮನೆಯ ಅಂಗಳದಲ್ಲಿ ರಾಮುಲು ಕೈ ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ಗೀರಿದ್ದು ಒಂದ ಕಡೆ. ಇದು ಕಲ್ಲಂಗಡಿ ತೋಟ ಆಗೈತಲ್ಲಪ್ಪಾ. ಗೀರಿದಲ್ಲಿ ಟೀಕಾದ ಗುಳ್ಳಿ ಮಾತ್ರ ಇಲ್ಲ."

"ಕೈ ಸುಳ್ಳು ಹೇಳಂಗಿಲ್ಲ," ಎಂದು ವಾದಿರಾಜ ಹಿಗ್ಗಿನಲ್ಲಿ ಮೈಲಿಗೆ ಮರೆತು ಮಗ್ಗುಲಿಗೇ ಬಂದ. ಅಷ್ಟು ಹತ್ತಿರದಿಂದ ಮೊಗುಲಪ್ಪ ಆ ಮುಖ ಕಂಡದ್ದು ಜನ್ಮದಲ್ಲಿ ಅದೇ ಮೊದಲು. ಗೋಪೀಚಂದನದ ಕೆಳಗೆ ಗುಂಡಿಯೋ ಗುಂಡಿ.

"ಧಣಿ, ನಿಮ್ಮ ಗಲ್ಲದ ಮ್ಯಾಲಿನವು ಏನ್ರಿ?"

"ಮೊಡವಿ."

"ಹಂಗಾರ ನೀವೂ ಕೈ ಚಾಚ್ರಿ. ರಾಮುಲಣ್ಣ ಗೀರಲಿ."

"ಗೀರೂದು ಬ್ಯಾಡ," ಎಂದಳು ಬಾಗಿಲಲ್ಲಿ ನಿಂತಿದ್ದ ರಾಯರ ಹೆಂಡತಿ ಜಯಾಬಾಯಿ. "ಇವನಿಗೆ ಅಮ್ಮ ಬಂದಾಗ ನಮ್ಮವ್ವ ಬೇವಿನ ಸೊಪ್ಪಿನಿಂದ ಗಾಳಿ ಹಾಕಿದ್ದು ನಾ ನೋಡೇನಿ. ವಾದ್ಯಾ, ಕೊಟ್ಟಿಗಿಯೊಳಗ ಎಮ್ಮಿ ಹೋಗಿ ಬರತಾವ. ನೀ ಒಮ್ಮೆನೂ ಇಣುಕಿಲ್ಲಲ್ಲೋ."

ವಾದಿರಾಜ ತಲೆ ತಗ್ಗಿಸಿದ. "ನನಗ ಈ ಕೆಲಸ ಬರಂಗಿಲ್ಲ, ಅಕ್ಕಾ."

"ನನಗೂ ಹುಟ್ಟತಲೇ ಬರತಿರಲಿಲ್ರಿ," ಎಂದ ಮೊಗುಲಪ್ಪ. "ನಿಮ್ಮ ಹಿರೇರು ಬಡದು ಕಲಿಸಿದ್ರು."

ಜಯಾಬಾಯಿ ಗಂಜಿಯ ಚೆಂಬನ್ನು ತಮ್ಮನ ಕೈಗೆ ಕೊಟ್ಟಳು. ಮೊಗುಲಪ್ಪನನ್ನು ಯಾರೂ ತಡೆಯಲಿಲ್ಲ.

ಅವನು ನೆಟ್ಟಗೆ ಹೊಲಕ್ಕೆ ಹೋದ. ಬಾತ ಕೈಯಲ್ಲಿ ಕುಡುಗೋಲು ನಿಲ್ಲಲಿಲ್ಲ. ಬದುವಿನ ಮೇಲೆ ಕೂತು ಎಡಗೈಯಿಂದ ಹಕ್ಕಿ ಓಡಿಸತೊಡಗಿದ. ಮೈಸಮ್ಮ ಒಬ್ಬಳೇ ಕೊಯ್ಯುತ್ತ, ಸಾಲು ಮುಗಿಸಿ ಸೊಂಟ ನೆಟ್ಟಗೆ ಮಾಡಿದಳು.

"ಊರ ಬಿಟ್ಟಿ ತಪ್ಪಿಸಿಕೊಂಡು ಬಂದಿ. ಈಗ ನನಗ ಹಚ್ಚಿದ್ದು ಏನು?"

ಮಖ್ತಲ್ ಸಂತೆಯ ಭಾಷಣದಲ್ಲಿ ಹೆಂಡತಿಯ ಬಿಟ್ಟಿಯ ಮಾತು ಬಂದಿರಲಿಲ್ಲ. ಮೊಗುಲಪ್ಪ ಎದ್ದು, ಎಡಗೈಯಿಂದ ಕೊಯ್ದ ಜೋಳದ ಸಿವುಡು ಎಳೆಯಲು ಹೋದ.